ಆಫ್ ಮಾಡಲಾಗದ ಒಲೆ

ಜುಲೈ ತಿಂಗಳ ಸಂಜೆ. ಕ್ಯಾಲಿಫೋರ್ನಿಯಾದ ಸಿಯೆರಾ ನೆವಾಡಾ ಬೆಟ್ಟಗಳಲ್ಲಿ, ಪೈನ್ ಮರಗಳ ಕೆಳಗೊಂದು ಕ್ಯಾಂಪ್‌ಗ್ರೌಂಡ್. ಬಾಡಿಗೆಗೆ ತಂದ ಮೋಟರ್‌ಹೋಮ್ ಒಂದು ನಾಲ್ಕಾರು ಸಲ ಹಿಂದೆ ಮುಂದೆ ಹೋಗಿ ಕೊನೆಗೂ ತನ್ನ ಜಾಗದಲ್ಲಿ ನಿಂತಿದೆ. ಸ್ಯಾನ್ ಹೊಸೆ ಕಡೆಯಿಂದ ಬಂದ ಮನೆಮಂದಿ ಒಬ್ಬೊಬ್ಬರಾಗಿ ಇಳಿಯುತ್ತಾರೆ. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಜೊತೆಗೆ ಆರು ತಿಂಗಳಿಗೆಂದು ಮೈಸೂರಿನಿಂದ ಬಂದಿರುವ ಅಪ್ಪ ಅಮ್ಮ. ಒಳಗಿನ ಪುಟ್ಟ ಅಡುಗೆಕಟ್ಟೆಯಲ್ಲಿ ಸಾಸಿವೆ ಸಿಡಿದು ಒಣಮೆಣಸಿನಕಾಯಿ ಕೆಂಪಾಗುವಷ್ಟರಲ್ಲಿ ಚಾವಣಿಯ ಅಲಾರಂ ಕಿರುಚತೊಡಗುತ್ತದೆ. ಒಬ್ಬರು ಟವೆಲ್ ಬೀಸುತ್ತಾರೆ, ಇನ್ನೊಬ್ಬರು ಕಿಟಕಿ ತೆಗೆಯುತ್ತಾರೆ. ಪಕ್ಕದ ಗಾಡಿಯವರು ಏನಾಯಿತೋ ಎಂದು ಇಣುಕುತ್ತಾರೆ.

"ಅಮ್ಮ, ಒಗ್ಗರಣೆ ಹೊರಗೇ ಹಾಕೋಣ ಬನ್ನಿ" ಎಂದು ಸೊಸೆ ಗಾಡಿಯ ಹೊಟ್ಟೆಯ ಖಾನೆಯಿಂದ ಸ್ಟೀಲ್ ಡಬ್ಬಿಯಂಥದ್ದೊಂದನ್ನು ತೆಗೆಯುತ್ತಾಳೆ. ಗೇಣುದ್ದದ್ದು. ತಳದ ಸುತ್ತ ತೂತು, ಒಳಗೋಡೆಯ ಮೇಲಂಚಿನಲ್ಲೂ ಒಂದು ಸಾಲು ತೂತು. ನಾಲ್ಕು ಪುಳ್ಳೆ ಮುರಿದು ಹಾಕಿ ಕಡ್ಡಿ ಗೀರಿದರೆ ಉರಿ ಏಳುತ್ತದೆ. ಅತ್ತೆ ದಿಟ್ಟಿಸಿ ನೋಡುತ್ತಾರೆ. "ಸೌದೆ ಒಲೆ ಬಿಟ್ಟು ನಲವತ್ತು ವರ್ಷ ಆಯ್ತು ಕಣೇ. ಇದನ್ನ ನೋಡೋಕೆ ಅಮೆರಿಕಕ್ಕೆ ಬಂದ್ನಾ?"

ಅವರ ಪ್ರಶ್ನೆ ನ್ಯಾಯವಾದದ್ದೇ. ಫ್ರಿಜ್, ಶವರ್, ಗ್ಯಾಸ್ ಒಲೆ ಎಲ್ಲವೂ ಇರುವ ಗಾಡಿಯಲ್ಲಿ ಬಂದವರಿಗೆ ಸೌದೆ ಒಲೆಯ ಹುಚ್ಚು ಏಕೆ? ಈ ಪುಟ್ಟ ಒಲೆ ನಮ್ಮ ಅಜ್ಜಿಯರ ಒಲೆಯಂತೆ ಕಣ್ಣುರಿಸದಿರುವುದು ಹೇಗೆ? ಇಷ್ಟು ಚಿಕ್ಕ ವಸ್ತುವಿನ ಮೇಲೆ ಅಲ್ಲಿನ ಅರಣ್ಯ ಇಲಾಖೆಗೆ ಅಷ್ಟೊಂದು ಕಣ್ಣೇಕೆ?

ಗ್ಯಾಸ್ ಇದ್ದೂ ಸೌದೆ

ಮೋಟರ್‌ಹೋಮ್ ಎಂದರೆ ಚಕ್ರದ ಮೇಲಿನ ಒಂದು ಕೋಣೆಯ ಮನೆ. ಅಮೆರಿಕದಲ್ಲಿ ವಿನ್ನೆಬಾಗೊದಂಥ ಕಂಪನಿಗಳು 1960ರ ದಶಕದಲ್ಲಿ ಇಂಥ ಗಾಡಿಗಳನ್ನು ಕಾರ್ಖಾನೆಯಲ್ಲಿ ಸಾಲಾಗಿ ತಯಾರಿಸಲು ತೊಡಗಿದ ಮೇಲೆ ಅವು ಮಧ್ಯಮ ವರ್ಗದ ರಜೆಯ ಭಾಗವಾದವು. ಅಡುಗೆಗೆ, ಬಿಸಿನೀರಿಗೆ, ಹೀಟರಿಗೆ, ಎಷ್ಟೋ ಗಾಡಿಗಳಲ್ಲಿ ಫ್ರಿಜ್ಜಿಗೂ ಒಂದೇ ಪ್ರೊಪೇನ್ ಟ್ಯಾಂಕ್. ನಮ್ಮ ಸಿಲಿಂಡರಿನ ಅನಿಲದ ಹತ್ತಿರದ ನೆಂಟ ಈ ಪ್ರೊಪೇನ್.

ಕರೆಂಟು, ನೀರಿನ ಕೊಳಾಯಿ ಎರಡೂ ಸಿಗುವ ಖಾಸಗಿ ಪಾರ್ಕಿನಲ್ಲಿ ನಿಂತರೆ ತೊಂದರೆ ಇಲ್ಲ. ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಗಾಡಿಗೆ ಸಿಕ್ಕಿಸಿಕೊಳ್ಳಲು ಕರೆಂಟೇ ಇಲ್ಲ. ಸರ್ಕಾರಿ ಕಾಡು, ಮರುಭೂಮಿಗಳಲ್ಲಿ ಎಲ್ಲೋ ಒಂದು ಮಣ್ಣುದಾರಿಯ ಕೊನೆಯಲ್ಲಿ ಪುಕ್ಕಟೆ ನಿಲ್ಲುವವರಿಗಂತೂ ಏನೂ ಇಲ್ಲ. ಅಂಥ ಕಡೆ ಸಾಮಾನ್ಯವಾಗಿ 14 ದಿನ ತಂಗಬಹುದು. ಅಷ್ಟು ದಿನ ಟ್ಯಾಂಕಿನ ಗ್ಯಾಸನ್ನು ರಾತ್ರಿಯ ಹೀಟರಿಗೆಂದು ಉಳಿಸಿಕೊಂಡು, ಹಗಲಿನ ಚಹಾ, ಸ್ನಾನದ ನೀರು ಎಲ್ಲವನ್ನೂ ನೆಲಕ್ಕೆ ಬಿದ್ದ ಕಡ್ಡಿಗಳಲ್ಲಿ ಮುಗಿಸುವುದು ಜಾಣತನ.

ಇನ್ನೊಂದು ಕಾರಣ ಹಬೆ. ಒಂದು ಕಿಲೋ ಪ್ರೊಪೇನ್ ಉರಿದರೆ ಸುಮಾರು 1.6 ಕಿಲೋ ನೀರಿನ ಹಬೆ ಹುಟ್ಟುತ್ತದೆ. ಅನ್ನ, ಸಾರು ಕುದಿಯುವ ಹಬೆ ಬೇರೆ. ಚಳಿಯ ರಾತ್ರಿ ಅದೆಲ್ಲ ಕಿಟಕಿಯ ಗಾಜಿನ ಮೇಲೆ ನೀರಾಗಿ ಇಳಿದು ಹಾಸಿಗೆಯ ಅಂಚು ಒದ್ದೆಯಾಗುತ್ತದೆ. ಒಗ್ಗರಣೆಯ ಘಾಟು ಪರದೆ, ಸೀಟುಗಳಿಗೆ ಹತ್ತಿಕೊಂಡರೆ ಗಾಡಿ ಹಿಂದಿರುಗಿಸುವ ದಿನ ತೊಳೆಯುವ ಖರ್ಚು ತಲೆಯ ಮೇಲೆ ಬೀಳುವ ಭಯವೂ ಇದೆ. ನಮ್ಮವರ ಅಡುಗೆಗೆ ಹೊರಗಿನ ಒಲೆ ಶೋಕಿಯ ವಸ್ತುವಲ್ಲ, ಅವಶ್ಯಕತೆ ಎಂದೇ ನನ್ನ ಲೆಕ್ಕ. ಅದು ಗ್ಯಾಸಿನದಾಗಬೇಕೋ ಸೌದೆಯದೋ ಎಂಬಲ್ಲಿ ಮಾತ್ರ ಚರ್ಚೆ.

ಹೊಗೆಯನ್ನೇ ಉರಿಸುವ ಡಬ್ಬಿ

ಸೌದೆ ಉರಿಯುತ್ತದೆ ಎನ್ನುತ್ತೇವೆ. ಉರಿಯುವುದರಲ್ಲಿ ಬಹುಪಾಲು ಸೌದೆಯಿಂದ ಹೊರಟ ಅನಿಲ. ಕಾವು ಏರಿದಂತೆ ಮೊದಲು ಕಟ್ಟಿಗೆಯ ನೀರು ಆರುತ್ತದೆ. ಆಮೇಲೆ ಕಟ್ಟಿಗೆ ಒಡೆದು ಅನಿಲ, ಟಾರಿನ ಆವಿ ಹೊರಡುತ್ತದೆ. ಒಣ ಸೌದೆಯ ತೂಕದಲ್ಲಿ ಮುಕ್ಕಾಲು ಪಾಲಿನಷ್ಟು ಹೀಗೆ ಆವಿಯಾಗಿ ಹೋಗುವಂಥದ್ದು. ಉಳಿದದ್ದು ಇದ್ದಿಲು, ಅಂದರೆ ಕೆಂಡ. ಆ ಅನಿಲಕ್ಕೆ ಸಾಕಷ್ಟು ಗಾಳಿ, ಸಾಕಷ್ಟು ಕಾವು ಸಿಕ್ಕರೆ ಜ್ವಾಲೆ. ಸಿಗದಿದ್ದರೆ ಅದೇ ಹೊಗೆ. ನಮ್ಮ ಅಜ್ಜಿಯರ ಕಣ್ಣಲ್ಲಿ ನೀರು ಬರಿಸಿದ್ದು ಉರಿಯದೆ ಪೋಲಾದ ಇಂಧನ.

ಕ್ಯಾಂಪಿಂಗ್‌ನ ಪುಟ್ಟ ಒಲೆಗೆ ಎರಡು ಗೋಡೆ. ತಳದ ತೂತುಗಳಿಂದ ಒಳಬಂದ ಗಾಳಿಯಲ್ಲಿ ಒಂದು ಪಾಲು ನೇರ ಸೌದೆಗೆ ಹೋಗುತ್ತದೆ. ಇನ್ನೊಂದು ಪಾಲು ಎರಡು ಗೋಡೆಗಳ ನಡುವೆ ಮೇಲೇರುತ್ತಾ ಕಾದು, ಒಳಗೋಡೆಯ ಮೇಲಂಚಿನ ತೂತುಗಳಿಂದ ಉರಿಯ ನೆತ್ತಿಗೆ ಬೀಳುತ್ತದೆ. ಹೊಗೆಯಾಗಿ ಪಾರಾಗಬೇಕಿದ್ದ ಅನಿಲಕ್ಕೆ ಅಲ್ಲಿ ಬಿಸಿಗಾಳಿ ಸಿಕ್ಕಿ ಎರಡನೇ ಸಲ ಹೊತ್ತಿಕೊಳ್ಳುತ್ತದೆ.

ನೋಡಲು ಸೊಗಸು. ಮೊದಲೆರಡು ನಿಮಿಷ ಸಾಧಾರಣ ಬೆಂಕಿಯ ಹಾಗೇ ಹೊಗೆಯಾಡುತ್ತದೆ. ಗೋಡೆ ಕಾದ ಕೂಡಲೇ ಹೊಗೆ ಕಾಣೆಯಾಗುತ್ತದೆ. ಆಮೇಲೆ ಜ್ವಾಲೆ ಸೌದೆಯಿಂದ ಏಳುವುದೇ ಇಲ್ಲ, ಮೇಲಂಚಿನ ಒಂದೊಂದು ತೂತಿನಿಂದಲೂ ಒಳಮುಖವಾಗಿ ಹೊರಟಂತೆ ಕಾಣುತ್ತದೆ. ಪುಳ್ಳೆಗಳನ್ನು ಆ ತೂತುಗಳ ಮಟ್ಟಕ್ಕಿಂತ ಮೇಲೆ ತುರುಕಿದಿರೋ, ಆಟ ಕೆಟ್ಟಿತು. ಕಾದ ಗಾಳಿಯ ದಾರಿ ಮುಚ್ಚಿ ಮತ್ತೆ ಹೊಗೆ. ಹೆಬ್ಬೆರಳ ದಪ್ಪದ ಒಣ ಕಡ್ಡಿಗಳನ್ನು ಒತ್ತಾಗಿ ಜೋಡಿಸಿ, ಮೇಲಿನಿಂದ ಹೊತ್ತಿಸಿ, ಉರಿ ಕೆಳಗಿಳಿಯಲು ಬಿಡಬೇಕು. ಅಡಿಯಿಂದ ಉರಿ ಹಾಕಿ ಅಭ್ಯಾಸವಾದವರಿಗೆ ಇದು ತಲೆಕೆಳಗಾದ ಕ್ರಮ. ಒಗ್ಗಲು ಒಂದೆರಡು ಚಹಾ ಹೊತ್ತು ಬೇಕು.

ಸೌದೆ ಎಷ್ಟು ಬೇಕು? ಒಂದು ಲೀಟರ್ ನೀರನ್ನು 20 ಡಿಗ್ರಿಯಿಂದ ಕುದಿಸಲು ಸುಮಾರು 335 ಕಿಲೋಜೂಲ್ ಶಾಖ ಬೇಕು. ಸಾಧಾರಣ ಒಣಸೌದೆ ಕಿಲೋಗೆ 15 ಮೆಗಾಜೂಲ್ ಆಸುಪಾಸು ಕೊಡುತ್ತದೆ. ಅದರಲ್ಲಿ ಕಾಲು ಪಾಲು ಪಾತ್ರೆಗೆ ಮುಟ್ಟಿತು ಎಂದಿಟ್ಟುಕೊಂಡರೂ 90 ಗ್ರಾಂ ಸಾಕು. ಅಂದರೆ ಒಂದು ಹಿಡಿ ಕಡ್ಡಿ. ಬಯಲಿನಲ್ಲಿ ಮೂರು ಕಲ್ಲಿಟ್ಟು ಉರಿ ಹಾಕಿದರೆ ನೂರಕ್ಕೆ ಹತ್ತು ಪಾಲಿನಷ್ಟೇ ಪಾತ್ರೆಗೆ ದಕ್ಕುತ್ತದೆ, ಮಿಕ್ಕಿದ್ದು ಆಕಾಶಕ್ಕೆ.

ಇದೇ ತತ್ವಕ್ಕೆ ಫ್ಯಾನ್ ಸೇರಿಸಿದವರೂ ಇದ್ದಾರೆ. ಬಯೋಲೈಟ್ ಎಂಬ ಅಮೆರಿಕನ್ ಕಂಪನಿಯ ಕ್ಯಾಂಪ್ ಒಲೆ 2012ರಲ್ಲಿ ಬಂತು. ಒಲೆಯ ಕಾವಿನಲ್ಲೇ ಒಂದಿಷ್ಟು ವಿದ್ಯುತ್ ಹುಟ್ಟಿಸಿ, ಅದರಿಂದ ತನ್ನ ಫ್ಯಾನ್ ತಿರುಗಿಸಿಕೊಂಡು, ಮಿಕ್ಕದ್ದರಲ್ಲಿ ಮೊಬೈಲ್ ಚಾರ್ಜ್ ಮಾಡುತ್ತದೆ. ಎರಡು ಬೇರೆ ಬೇರೆ ಲೋಹಗಳ ಜೋಡಣೆಯಲ್ಲಿ ಒಂದು ಬದಿ ಬಿಸಿ, ಇನ್ನೊಂದು ತಣ್ಣಗಿದ್ದರೆ ವಿದ್ಯುತ್ ಹರಿಯುತ್ತದೆ ಎಂದು ಸೀಬೆಕ್ ಎಂಬ ವಿಜ್ಞಾನಿ 1821ರಲ್ಲಿ ಕಂಡುಕೊಂಡದ್ದರ ಬಳಕೆ ಇದು. ಸಿಗುವುದು ಎರಡು ಮೂರು ವ್ಯಾಟ್. ಮೋಟರ್‌ಹೋಮಿನ ದೊಡ್ಡ ಬ್ಯಾಟರಿ ಪಕ್ಕದಲ್ಲೇ ಇರುವಾಗ ಮೊಬೈಲಿಗಾಗಿ ಸೌದೆ ಉರಿಸುವುದರಲ್ಲಿ ಅರ್ಥವಿಲ್ಲ. ಫ್ಯಾನ್ ಮಾತ್ರ ಕೆಲಸದ್ದು. ಊದುಕೊಳವೆ ಹಿಡಿದು ಕೆನ್ನೆ ಉಬ್ಬಿಸಿ ಕೂರುವ ಕೆಲಸವನ್ನು ಅದು ಬಿಡಿಸುತ್ತದೆ.

ಐರ್ಲೆಂಡಿನ ಕೆಲ್ಲಿ ಕೆಟಲ್ ಇನ್ನೊಂದು ಬಗೆ. ನಡುವೆ ಕೊಳವೆ, ಕೊಳವೆಯ ಸುತ್ತ ನೀರು, ಅಡಿಯಲ್ಲಿ ಉರಿ. ನಮ್ಮ ಹಳೆಯ ಬಚ್ಚಲುಮನೆಯ ತಾಮ್ರದ ಬಾಯ್ಲರನ್ನು ಚಹಾದ ಕೆಟಲ್ ಗಾತ್ರಕ್ಕೆ ಕುಗ್ಗಿಸಿದಂತೆ. ಗಾಳಿ ಬೀಸಿದಷ್ಟೂ ಚುರುಕಾಗಿ ಕುದಿಯುತ್ತದೆ. ಬೂಚು ಹಾಕಿಕೊಂಡು ಉರಿಗಿಡಬಾರದು. ಒಳಗೆ ಒತ್ತಡ ತುಂಬಿ ಬೂಚು ಹಾರಿದರೆ ಕುದಿನೀರು ಮುಖಕ್ಕೇ.

ಬೆಂಗಳೂರಿನಲ್ಲೂ ನಡೆದ ಕೆಲಸ

ಈ ಒಲೆಗಳ ಹಿಂದಿನ ವಿಜ್ಞಾನ ಪ್ರವಾಸಿಗರಿಗಾಗಿ ಹುಟ್ಟಿದ್ದಲ್ಲ. ಕೆಳಗಿನಿಂದ ಗಾಳಿ, ಮೇಲಿನಿಂದ ಉರಿ ಎಂಬ ಉಪಾಯವನ್ನು 1985ರ ಸುಮಾರಿಗೆ ಅಮೆರಿಕದ ಟಾಮ್ ರೀಡ್ ಯೋಚಿಸಿದ್ದು ಬಡ ದೇಶಗಳ ಅಡುಗೆಮನೆಯ ಹೊಗೆಯನ್ನು ಕಂಡು. ಆರೆಗಾನಿನ ಅಪ್ರೊವೆಚೊ ಸಂಶೋಧನಾ ಕೇಂದ್ರದಲ್ಲಿ ಲ್ಯಾರಿ ವಿನಿಯಾರ್ಸ್ಕಿ ರೂಪಿಸಿದ ರಾಕೆಟ್ ಒಲೆಯೂ ಅದೇ ಉದ್ದೇಶದ್ದು. ಮೊಣಕೈಯಂತೆ ಬಾಗಿದ ಕೊಳವೆ, ಸುತ್ತ ಶಾಖ ಸೋರದ ಹೊದಿಕೆ, ಅಷ್ಟೇ.

ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಕೆ.ಎನ್. ರೆಡ್ಡಿ ಅವರು 1974ರಲ್ಲಿ ಕಟ್ಟಿದ 'ಅಸ್ತ್ರ' ಘಟಕದ ಹೆಸರು ಹಳ್ಳಿಗಳ ಹಿರಿಯರಿಗೆ ಇಂದಿಗೂ ನೆನಪಿರಬಹುದು. ಮೂರು ಪಾತ್ರೆ ಒಟ್ಟಿಗೆ ಕೂರುವ, ಚಿಮಣಿ ಇರುವ ಅಸ್ತ್ರ ಒಲೆ ಕರ್ನಾಟಕದ ಎಷ್ಟೋ ಅಡುಗೆಮನೆಗಳಿಗೆ ಹೋಯಿತು. ಅದೇ ಸಂಸ್ಥೆಯ ಎಚ್.ಎಸ್. ಮುಕುಂದ ಮತ್ತು ಸಂಗಡಿಗರು ಬ್ರಿಟಿಷ್ ಪೆಟ್ರೋಲಿಯಂ ಜೊತೆಗೂಡಿ ಫ್ಯಾನ್ ಇರುವ 'ಊರ್ಜಾ' ಒಲೆ ರೂಪಿಸಿದರು. 2006ರಲ್ಲಿ ಅದು ಮಾರುಕಟ್ಟೆಗೆ ಬಂತು, ಲಕ್ಷಾಂತರ ಮನೆ ಸೇರಿತು. ಕೃಷಿ ತ್ಯಾಜ್ಯವನ್ನು ಒತ್ತಿ ಮಾಡಿದ ಉಂಡೆಗಳೇ ಅದರ ಇಂಧನ. ಉಂಡೆಯ ಬೆಲೆ ಏರಿದಾಗ ಜನ ಕೈಬಿಟ್ಟರು.

ಹೀಗೆ ಹಳ್ಳಿಯ ಹೆಂಗಸರ ಶ್ವಾಸಕೋಶ ಉಳಿಸಲು ಹೊರಟ ಯೋಚನೆ ಶ್ರೀಮಂತ ದೇಶದ ರಜೆಯ ಸಾಮಾನಾಗಿ ಹೆಚ್ಚು ಹೆಸರು ಮಾಡಿತು. ಬೇಸರದ ವಿಷಯವೇ, ಆದರೆ ಆಶ್ಚರ್ಯದ್ದಲ್ಲ. ರಜೆಯ ಒಲೆಗೆ ದಿನಕ್ಕೆ ಮೂರು ಹೊತ್ತು, ವರ್ಷವಿಡೀ ಕುಟುಂಬದ ಅಡುಗೆ ಬೇಯಿಸುವ ಹೊಣೆ ಇಲ್ಲ.

ಇಡೀ ವಿವಾದ ಇರುವ ಜಾಗ

ಬೇಸಿಗೆಯಲ್ಲಿ ಅಮೆರಿಕದ ಪಶ್ಚಿಮ ರಾಜ್ಯಗಳ ಕಾಡು ಒಣಗಿ ನಿಂತಾಗ ಅರಣ್ಯ ಇಲಾಖೆ ಬೆಂಕಿ ನಿರ್ಬಂಧ ಹೊರಡಿಸುತ್ತದೆ. ಮೊದಲ ಹಂತದಲ್ಲಿ ಕ್ಯಾಂಪ್‌ಗ್ರೌಂಡಿನಲ್ಲಿ ಇಲಾಖೆಯೇ ಹೂಳಿಟ್ಟ ಕಬ್ಬಿಣದ ಬಳೆಯೊಳಗೆ ಮಾತ್ರ ಸೌದೆ ಉರಿಸಬಹುದು. ಎರಡನೇ ಹಂತ ಬಂದರೆ ಅದೂ ಇಲ್ಲ. ಎರಡೂ ಹಂತಗಳಲ್ಲಿ ಸಾಮಾನ್ಯವಾಗಿ ವಿನಾಯಿತಿ ಇರುವುದು ಗ್ಯಾಸ್ ಅಥವಾ ದ್ರವ ಪೆಟ್ರೋಲಿಯಂನ ಒಲೆಗೆ. ಅದಕ್ಕೂ ಒಂದು ಷರತ್ತು: ಅದನ್ನು ಆನ್, ಆಫ್ ಮಾಡುವಂತಿರಬೇಕು.

ಆ ಷರತ್ತಿನಲ್ಲಿ ಎಲ್ಲವೂ ಬಂತು. ಗಾಳಿ ಒಮ್ಮೆಲೇ ತಿರುಗಿದರೆ, ಮಗು ಎಡವಿದರೆ, ಪಾತ್ರೆ ಮಗುಚಿದರೆ ಗ್ಯಾಸಿನವರು ಕೈ ಚಾಚಿ ತಿರುವಿದರೆ ಮುಗಿಯಿತು. ಸೌದೆ ಒಲೆಯವರ ಕೈಯಲ್ಲಿ ಅಂಥದ್ದೇನೂ ಇಲ್ಲ. ಒಳಗಿರುವ ಕಡ್ಡಿ ಉರಿದೇ ತೀರಬೇಕು, ಇಲ್ಲವೇ ನೀರು ಸುರಿಯಬೇಕು. ಒಲೆ ಎಷ್ಟು ಚಿಕ್ಕದು, ಎಷ್ಟು ಹೊಗೆಯಿಲ್ಲದ್ದು, ಎಷ್ಟು ದುಬಾರಿಯದು ಎಂಬುದು ಲೆಕ್ಕಕ್ಕಿಲ್ಲ. "ಇದು ಒಲೆ, ಬಯಲು ಬೆಂಕಿಯಲ್ಲ" ಎಂದು ರೇಂಜರ್ ಜೊತೆ ವಾದಿಸುವವರು ಇದ್ದಾರೆ. ಪುಳ್ಳೆ ಉರಿಯುವ ಒಲೆ ನಿಯಮದ ಕಣ್ಣಿಗೆ ಬಯಲು ಬೆಂಕಿಯೇ.

ಇಷ್ಟು ಬಿಗಿ ಏಕೆಂದು ಕೇಳುವವರು 2013ರ ಆಗಸ್ಟ್ 17ರಂದು ಯೊಸೆಮಿಟಿಯ ಪಕ್ಕದ ಸ್ಟ್ಯಾನಿಸ್ಲಾಸ್ ಅರಣ್ಯದಲ್ಲಿ ಹೊತ್ತಿಕೊಂಡ ರಿಮ್ ಕಾಡ್ಗಿಚ್ಚನ್ನು ನೆನೆಯಬಹುದು. ನಿಷೇಧವಿದ್ದಾಗ ಹಾಕಿದ ಒಂದು ಕ್ಯಾಂಪ್ ಬೆಂಕಿ ಕೈಮೀರಿ 2,57,314 ಎಕರೆ ಸುಟ್ಟಿತು. ಬೆಂಗಳೂರು ನಗರದಷ್ಟೇ ವಿಸ್ತಾರವೆಂದರೂ ಕಡಿಮೆಯೇ.

ಕ್ಯಾಲಿಫೋರ್ನಿಯಾದಲ್ಲಿ ಕ್ಯಾಂಪ್‌ಗ್ರೌಂಡಿನ ಹೊರಗೆ, ಕೇಂದ್ರ ಸರ್ಕಾರದ ಕಾಡಿನಲ್ಲಿ ಗ್ಯಾಸ್ ಒಲೆ ಹಚ್ಚಲೂ ಕ್ಯಾಂಪ್‌ಫೈರ್ ಪರವಾನಗಿ ಬೇಕು. ಷರತ್ತುಗಳು ಸರಳ. ಸುತ್ತ ಐದು ಅಡಿ ಒಣಹುಲ್ಲು, ಎಲೆ ಏನೂ ಇರಕೂಡದು. ಗುದ್ದಲಿ ಕೈಗೆಟುಕುವಂತಿರಬೇಕು. ಉರಿ ಆರುವ ತನಕ ಜವಾಬ್ದಾರಿಯುಳ್ಳ ಒಬ್ಬರು ಅಲ್ಲೇ ಇರಬೇಕು. ಯೊಸೆಮಿಟಿ ಕಣಿವೆಯಲ್ಲಿ ಇನ್ನೊಂದು ಬಿಗಿ: ಬೇಸಿಗೆ ತಿಂಗಳುಗಳಲ್ಲಿ ಸಂಜೆ 5ರಿಂದ ರಾತ್ರಿ 10ರವರೆಗೆ ಮಾತ್ರ ಸೌದೆ ಉರಿ. ಅದು ಕಾಡ್ಗಿಚ್ಚಿಗಿಂತ ಕಣಿವೆಯಲ್ಲಿ ಹೊಗೆ ಕಟ್ಟಿ ನಿಲ್ಲದಿರಲಿ ಎಂದು. ಹಾಗಾಗಿ ಬೆಳಗಿನ ಕಾಫಿಗೆ ಅಲ್ಲಿ ಗ್ಯಾಸೇ ಗತಿ.

ಗಾಡಿಯೊಳಗೆ ಯಾವ ಕಾರಣಕ್ಕೂ ಬೇಡ

ಬೆಟ್ಟದ ರಾತ್ರಿ ಬೇಸಿಗೆಯಲ್ಲೂ ನಡುಗಿಸುತ್ತದೆ. ಮೋಟರ್‌ಹೋಮಿನ ಹೀಟರಿಗೆ ಗ್ಯಾಸಿನ ಜೊತೆಗೆ ಬ್ಯಾಟರಿಯ ಫ್ಯಾನೂ ಓಡಬೇಕು. ಬ್ಯಾಟರಿ ಇಳಿದರೆ ಹೀಟರ್ ನಿಂತಿತು. ಹೊರಗೆ ಒಲೆಯಲ್ಲಿ ಕೆಂಪಗೆ ಕೆಂಡ ಕುಳಿತಿದೆ, ಹೊಗೆಯೂ ಇಲ್ಲ. ಒಳಗೆ ತಂದು ಬಾಗಿಲ ಬಳಿ ಇಟ್ಟರೆ ಏನಾದೀತು ಎಂಬ ಯೋಚನೆ ಬರುವುದು ಅಂಥ ಹೊತ್ತಿನಲ್ಲಿ.

ಹೊಗೆ ಕಾಣುವ ಬೆಂಕಿಗಿಂತ ಹೊಗೆ ಕಾಣದ ಕೆಂಡವೇ ಇಲ್ಲಿ ಹೆಚ್ಚು ಮೋಸದ್ದು. ಇದ್ದಿಲು ಸಾಕಷ್ಟು ಗಾಳಿಯಿಲ್ಲದೆ ನಿಗಿನಿಗಿ ಎನ್ನುವಾಗ ಕಾರ್ಬನ್ ಮೊನಾಕ್ಸೈಡ್ ಧಾರಾಳವಾಗಿ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ, ಕಣ್ಣೂ ಉರಿಯುವುದಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರಕ್ಕೂ ಹೆಚ್ಚು ಪಟ್ಟು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ಮೊದಲು ತಲೆನೋವು, ಆಮೇಲೆ ತಲೆಸುತ್ತು, ವಾಕರಿಕೆ. ದಿನವಿಡೀ ಗಾಡಿ ಓಡಿಸಿ ದಣಿದವರು ಇದನ್ನು ಪ್ರಯಾಣದ ಆಯಾಸ ಎಂದುಕೊಂಡು ಮಲಗುತ್ತಾರೆ. ಮಲಗಿದವರಿಗೆ ಲಕ್ಷಣ ತಿಳಿಯುವುದೇ ಇಲ್ಲ. ಚಿಕ್ಕ ಗಾಡಿಯೊಳಗೆ ಒಂದು ಬೊಗಸೆ ಕೆಂಡವೇ ಅಪಾಯಕ್ಕೆ ಸಾಕು. ಚಳಿಗಾಲ ಬಂದರೆ ನಮ್ಮಲ್ಲೂ ಮುಚ್ಚಿದ ಕೋಣೆಯಲ್ಲಿ ಕೆಂಡ ಇಟ್ಟು ಮಲಗಿದವರ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ಬರುತ್ತದೆ.

ಗಾಡಿಯೊಳಗೆ ಈ ಅನಿಲ ಬರಲು ಒಲೆಯೇ ಬೇಕೆಂದಿಲ್ಲ. 2024ರ ಡಿಸೆಂಬರ್‌ನಲ್ಲಿ ಕೇರಳದ ವಡಕರದಲ್ಲಿ ರಸ್ತೆ ಬದಿ ನಿಂತಿದ್ದ ಕ್ಯಾರವಾನಿನೊಳಗೆ ಇಬ್ಬರು ಶವವಾಗಿ ಸಿಕ್ಕರು. ಜನರೇಟರಿನ ಕಾರ್ಬನ್ ಮೊನಾಕ್ಸೈಡ್ ಒಳಗೆ ಸೇರಿದ್ದೇ ಕಾರಣ ಎಂದು ಕೋಯಿಕ್ಕೋಡಿನ ಎನ್‌ಐಟಿ ತಜ್ಞರು ಪರೀಕ್ಷೆ ನಡೆಸಿ ಹೇಳಿದರು.

ಅಮೆರಿಕದ ಮೋಟರ್‌ಹೋಮ್‌ಗಳಲ್ಲಿ ಇದಕ್ಕೆ ಪ್ರತ್ಯೇಕ ಅಲಾರಂ ಇರುತ್ತದೆ. ನೆಲದ ಹತ್ತಿರ ಇನ್ನೊಂದು ಅಲಾರಂ ಕಂಡರೆ ಅದು ಪ್ರೊಪೇನ್ ಸೋರಿಕೆಯದು. ಪ್ರೊಪೇನ್ ಗಾಳಿಗಿಂತ ಭಾರ, ನೆಲಕ್ಕಿಳಿದು ಕೂರುತ್ತದೆ. ಕಾರ್ಬನ್ ಮೊನಾಕ್ಸೈಡ್ ತೂಕದಲ್ಲಿ ಹೆಚ್ಚುಕಡಿಮೆ ಗಾಳಿಯಷ್ಟೇ, ಎಲ್ಲೆಡೆ ಬೆರೆಯುತ್ತದೆ. ಒಗ್ಗರಣೆಗೆ ಕಿರುಚಿತು ಎಂದು ಸಿಟ್ಟಿನಲ್ಲಿ ಅಲಾರಮ್ಮಿನ ಬ್ಯಾಟರಿ ಕಿತ್ತಿಡುವ ಚಾಳಿ ಕೆಲವರಿಗಿದೆ. ಯಾವ ಅಲಾರಂ ಯಾವುದು ಎಂದು ತಿಳಿಯದೆ ಕೀಳುವುದು ಶುದ್ಧ ಹುಚ್ಚುತನ.

ವ್ಯಾನ್‌ಗಳೊಳಗೆ ಸೌದೆಯ ಹೀಟರ್ ಕೂರಿಸಿಕೊಂಡವರ ಫೋಟೊಗಳನ್ನು ನೋಡಿ ಮರುಳಾಗುವವರೂ ಇದ್ದಾರೆ. ಅವು ನೆಲಕ್ಕೆ ಬಿಗಿದ, ಮುಚ್ಚಿದ ಬಾಗಿಲಿನ, ಚಾವಣಿ ದಾಟಿ ಹೋಗುವ ಚಿಮಣಿಯುಳ್ಳ ಬೇರೆಯೇ ಜಾತಿಯವು. ಕೈಯಲ್ಲಿ ಹಿಡಿದು ತಿರುಗುವ ಒಲೆಗೂ ಅವಕ್ಕೂ ಸಂಬಂಧವಿಲ್ಲ.

ಒಲೆಯ ಜಾಗ ಗಾಡಿಯಿಂದ ಕನಿಷ್ಠ ಹತ್ತು ಅಡಿ ಆಚೆ, ಗಾಳಿ ಬೀಸಿ ಹೋಗುವ ದಿಕ್ಕಿನಲ್ಲಿ. ಮಳೆ ಹನಿಯಿತೆಂದು ಗಾಡಿಯ ಪಕ್ಕಕ್ಕೆ ಬಿಚ್ಚಿದ ಬಟ್ಟೆಯ ಚಪ್ಪರದಡಿ ತರಬಾರದು. ಪಿಕ್ನಿಕ್ ಮೇಜಿನ ಮರದ ಹಲಗೆಯ ಮೇಲೂ ಬೇಡ. ಕ್ಯಾಂಪ್‌ಗ್ರೌಂಡಿನ ಕಬ್ಬಿಣದ ಬಳೆಯೊಳಗೇ ಒಲೆ ಇಟ್ಟುಬಿಟ್ಟರೆ ಜಾಗದ ತಕರಾರು ಬಹುಮಟ್ಟಿಗೆ ತೀರಿದಂತೆ.

ಸೌದೆ ಎಲ್ಲಿಂದ ತರುವುದು

ಮನೆಯ ಹಿತ್ತಲಲ್ಲಿ ಕಡಿದ ಮರದ ಸೌದೆ ಬಿದ್ದಿದೆ, ಗಾಡಿಯಲ್ಲಿ ಬೇಕಾದಷ್ಟು ಜಾಗವಿದೆ, ತುಂಬಿಕೊಂಡು ಹೋದರೆ ದುಡ್ಡು ಉಳಿತಾಯ. ಈ ಸರಳ ಲೆಕ್ಕ ಅಮೆರಿಕದ ಕಾಡುಗಳಿಗೆ ದುಬಾರಿಯಾಗಿದೆ. ಏಷ್ಯಾದಿಂದ ಬಂದ ಎಮರಾಲ್ಡ್ ಆಷ್ ಬೋರರ್ ಎಂಬ ಹಸಿರು ಜೀರುಂಡೆ 2002ರಲ್ಲಿ ಮಿಷಿಗನ್ನಿನ ಡೆಟ್ರಾಯಿಟ್ ಬಳಿ ಮೊದಲು ಪತ್ತೆಯಾಯಿತು. ಅದರ ಮರಿಹುಳು ತೊಗಟೆಯಡಿ ಸುರಂಗ ಕೊರೆದು ಮರಕ್ಕೆ ಆಹಾರ ಹರಿಯುವ ದಾರಿ ಕಡಿಯುತ್ತದೆ. ಕೋಟ್ಯಂತರ ಆಷ್ ಮರಗಳು ಸತ್ತಿವೆ. ತಾನಾಗಿ ಹಾರಿದರೆ ಈ ಜೀರುಂಡೆ ಅಷ್ಟು ಬೇಗ ದೇಶ ಸುತ್ತುತ್ತಿರಲಿಲ್ಲ. ಸೌದೆಯೊಳಗೆ ಕುಳಿತು, ಪ್ರವಾಸಿಗರ ಗಾಡಿಯಲ್ಲಿ ಹೆದ್ದಾರಿ ಹಿಡಿದು ಹೋಯಿತು. ದಕ್ಷಿಣ ಕ್ಯಾಲಿಫೋರ್ನಿಯಾದ ಓಕ್ ಮರಗಳನ್ನು ಕೊಲ್ಲುತ್ತಿರುವ ಇನ್ನೊಂದು ಜೀರುಂಡೆ ಹರಡಿದ್ದೂ ಸೌದೆಯ ಮೂಲಕವೇ. ಉರಿಸುವ ಊರಿನಲ್ಲೇ ಸೌದೆ ಕೊಳ್ಳಿ ಎಂದು ಅಲ್ಲಿನ ಇಲಾಖೆಗಳು ಬೋರ್ಡು ಹಾಕಿ ಬೇಡಿಕೊಳ್ಳುವುದು ಇದಕ್ಕೆ.

ನೆಲದ ಕಡ್ಡಿ ಆರಿಸಬಹುದೇ? ಜಾಗ ನೋಡಿ. ಯೊಸೆಮಿಟಿ ಕಣಿವೆಯಲ್ಲಿ, ಸೆಕೋಯಾ ತೋಪುಗಳಲ್ಲಿ ಒಂದು ಪುಳ್ಳೆಯನ್ನೂ ಎತ್ತುವಂತಿಲ್ಲ. ಅನುಮತಿ ಇರುವ ಕಾಡಿನಲ್ಲೂ ಬಿದ್ದು ಒಣಗಿದ್ದನ್ನು ಮಾತ್ರ ಆರಿಸಬೇಕು.

ಆರಿಸುವಾಗ ಗಿಡದ ಪರಿಚಯ ಬೇಕು. ಕ್ಯಾಲಿಫೋರ್ನಿಯಾದ ಕಾಡಿನ ಪಾಯ್ಸನ್ ಓಕ್ ನಮ್ಮ ಗೇರು, ಮಾವಿನ ಕುಟುಂಬದ್ದು. ಮಲೆನಾಡಿನವರಿಗೆ ಹೊಳಗೇರು ಮರದ ಸೊನೆ ತಾಗಿದರೆ ಮೈಯೆಲ್ಲ ಬೊಬ್ಬೆ ಏಳುವುದು ಗೊತ್ತು. ಪಾಯ್ಸನ್ ಓಕಿನ ಗುಣವೂ ಅದೇ. ಚಳಿಗಾಲದಲ್ಲಿ ಎಲೆ ಉದುರಿ ಬರೀ ಕಡ್ಡಿಯಾಗಿ ನಿಂತಾಗ ಗುರುತು ಸಿಗುವುದಿಲ್ಲ. ತಿಳಿಯದೆ ಉರಿಸಿದರೆ ಹೊಗೆಯ ಜೊತೆ ವಿಷ ಶ್ವಾಸಕೋಶಕ್ಕೇ ಇಳಿಯುತ್ತದೆ. ಅಲ್ಲಿನ ಹೆದ್ದಾರಿಗಳ ನಡುವೆ ಸಾಲಾಗಿ ಬೆಳೆಸಿರುವ ಹೂಗಿಡ ಗುರುತು ಹತ್ತುತ್ತದೆಯೇ? ನಮ್ಮ ಕಣಗಿಲೆ. ಅದರ ಕಡ್ಡಿಯೂ ಒಲೆಗೆ ಸಲ್ಲದು, ಹೊಗೆಯೂ ವಿಷ.

ಅಡುಗೆ, ಮಸಿ, ಬೂದಿ

ಈ ಒಲೆಗೆ ಯಾವ ಅಡುಗೆ ಒಗ್ಗುತ್ತದೆ? ಚಹಾ, ಉಪ್ಪಿಟ್ಟು, ಒಗ್ಗರಣೆ ಅವಲಕ್ಕಿ, ಕೆಂಡದ ಮೇಲೆ ಸುಟ್ಟ ಬದನೆಕಾಯಿ, ಜೋಳದ ತೆನೆ ಸಲೀಸು. ಉರಿ ಸಣ್ಣ ಮಾಡಿ ಹತ್ತು ನಿಮಿಷ ಬಿಡಬೇಕಾದ ಯಾವುದೂ ಕಷ್ಟ. ಐದು ನಿಮಿಷಕ್ಕೊಮ್ಮೆ ಪುಳ್ಳೆ ಹಾಕುತ್ತಿರಬೇಕು. ಉರಿ ಒಮ್ಮೆ ಭಗ್ ಎನ್ನುತ್ತದೆ, ಮರುಗಳಿಗೆ ಕುಗ್ಗುತ್ತದೆ.

ಬೇಳೆಯ ಕಥೆ ಬೇರೆ. ಯೊಸೆಮಿಟಿಯ ಟುವಾಲಮಿ ಹುಲ್ಲುಗಾವಲು ಸಮುದ್ರ ಮಟ್ಟದಿಂದ ಸುಮಾರು 8,600 ಅಡಿ ಎತ್ತರದಲ್ಲಿದೆ. ಅಲ್ಲಿ ನೀರು 91 ಡಿಗ್ರಿ ಆಸುಪಾಸಿನಲ್ಲೇ ಕುದಿದುಬಿಡುತ್ತದೆ. ತೊಗರಿಬೇಳೆ ಮೆತ್ತಗಾಗಲು ಬಹಳ ಹೊತ್ತು ಹಿಡಿಯುತ್ತದೆ. ಕುಕ್ಕರ್ ಬೇಕೇ ಬೇಕು. ಆದರೆ ಅಂಗೈಯಗಲದ ಒಲೆಯ ಮೇಲೆ ನೀರು ತುಂಬಿದ ಐದು ಲೀಟರ್ ಕುಕ್ಕರ್ ಕೂರಿಸುವುದು ಉರುಳಿಸಲೆಂದೇ ಮಾಡಿದ ಏರ್ಪಾಡು. ಕುಕ್ಕರ್ ಒಳಗಿನ ಗ್ಯಾಸಿನ ಮೇಲಿರಲಿ. ಒಗ್ಗರಣೆ ಹೊರಗೆ.

ಪಾತ್ರೆಯ ತಳಕ್ಕೆ ಮಸಿ ಹಿಡಿಯುವುದು ತಪ್ಪದು. ಅಲ್ಲಿನ ಸ್ಕೌಟ್ ಹುಡುಗರು ಒಲೆಗಿಡುವ ಮೊದಲು ಪಾತ್ರೆಯ ಹೊರಮೈಗೆ ತೆಳ್ಳಗೆ ಸೋಪು ಬಳಿಯುತ್ತಾರೆ. ಮಸಿ ಸೋಪಿನ ಮೇಲೆ ಕೂರುತ್ತದೆ, ತೊಳೆದರೆ ಜಾರುತ್ತದೆ. ನಮ್ಮ ಹಳೆಯ ಮನೆಗಳಲ್ಲಿ ಒದ್ದೆ ಬೂದಿಯನ್ನೋ ಮಣ್ಣನ್ನೋ ಮೆತ್ತುತ್ತಿದ್ದದ್ದೂ ಇದೇ ಉಪಾಯ. ನೀರಿನ ಟ್ಯಾಂಕು ಚಿಕ್ಕದಿರುವ ಗಾಡಿಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ.

ಅಪಾಯ ಅಡುಗೆ ಮುಗಿದ ಮೇಲೂ ಇದೆ. ಬೂದಿಯಡಿಯ ಕೆಂಡ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ಮೇಲೆ ಬೆಳ್ಳಗಿದೆ ಎಂದು ಪೊದೆಯ ಬುಡಕ್ಕೆ ಚೆಲ್ಲುವವರು, ಬೆಚ್ಚಗಿರುವ ಒಲೆಯನ್ನೇ ಚೀಲಕ್ಕೆ ಹಾಕಿ ಗಾಡಿಯ ಖಾನೆಗೆ ತಳ್ಳುವವರು, ಇಬ್ಬರೂ ಬೆಂಕಿಯನ್ನು ಬೇರೆ ಕಡೆಗೆ ಸಾಗಿಸುತ್ತಿದ್ದಾರೆ ಅಷ್ಟೇ. ನೀರು ಸುರಿಯಬೇಕು, ಕೆದಕಬೇಕು, ಮತ್ತೆ ಸುರಿಯಬೇಕು, ಕೊನೆಗೆ ಕೈಯಿಂದ ಮುಟ್ಟಿ ನೋಡಬೇಕು. ಬೆರಳಿಗೆ ಬಿಸಿ ಹತ್ತಿದರೆ ಇನ್ನೂ ಆರಿಲ್ಲ.

ನಮ್ಮ ಕಡೆ ತಂದರೆ

ಈಚೆಗೆ ಬೆಂಗಳೂರಿನಲ್ಲೂ ಹಾಸಿಗೆ, ಅಡುಗೆಕಟ್ಟೆ ಇರುವ ಗಾಡಿಗಳು ಬಾಡಿಗೆಗೆ ಸಿಗುತ್ತಿವೆ. ಕೇರಳ ಸರ್ಕಾರ 2021ರಲ್ಲೇ ಕ್ಯಾರವಾನ್ ಪ್ರವಾಸೋದ್ಯಮ ನೀತಿ ತಂದಿತು. ಪುಳ್ಳೆ ಒಲೆಗಳೂ ಆನ್‌ಲೈನಿನಲ್ಲಿ ಮನೆ ಬಾಗಿಲಿಗೆ ಬರುತ್ತವೆ. ಎರಡೂ ಸೇರಿದರೆ ಬಂಡೀಪುರದ ದಾರಿಯಲ್ಲಿ ಗಾಡಿ ನಿಲ್ಲಿಸಿ ಚಹಾ ಕಾಯಿಸುವ ಆಸೆ ಹುಟ್ಟುವುದು ಸಹಜ. ಆ ಆಸೆಯನ್ನು ಅಲ್ಲೇ ಬಿಡಬೇಕು. ಅಭಯಾರಣ್ಯಕ್ಕೆ ಅಪಾಯವಾಗುವಂತೆ ಬೆಂಕಿ ಹೊತ್ತಿಸುವುದು, ಉರಿಯುವ ಬೆಂಕಿ ಬಿಟ್ಟು ಹೋಗುವುದು ವನ್ಯಜೀವಿ ಸಂರಕ್ಷಣಾ ಕಾಯ್ದೆ 1972ರ 30ನೇ ಕಲಂ ಪ್ರಕಾರ ನಿಷಿದ್ಧ. ಮೀಸಲು ಅರಣ್ಯದಲ್ಲಿ ಬೆಂಕಿ ಹಾಕುವುದನ್ನು 1963ರ ಕರ್ನಾಟಕ ಅರಣ್ಯ ಕಾಯ್ದೆಯೂ ತಡೆಯುತ್ತದೆ. 2019ರ ಫೆಬ್ರುವರಿಯಲ್ಲಿ ಬಂಡೀಪುರದ ಸಾವಿರಾರು ಎಕರೆ ಬೆಂದದ್ದನ್ನು ಕಂಡವರಿಗೆ ಕಾರಣ ಹೇಳಬೇಕಾಗಿಲ್ಲ. ಪರಿಚಿತರ ತೋಟ, ಹೋಂಸ್ಟೇ ಅಂಗಳ, ಮಾಲೀಕರು ಒಪ್ಪಿದ ಬಯಲು, ಮಳೆ ಮುಗಿದ ಹೊಸದರಲ್ಲಿ: ನಮ್ಮಲ್ಲಿ ಈ ಒಲೆಗೆ ಇರುವ ಜಾಗ, ಕಾಲ ಅಷ್ಟೇ.

ಹಾಗಾದರೆ ಕೊಳ್ಳಬೇಕೇ? ಎರಡನೇ ಒಲೆಯಾಗಿ ಖಂಡಿತ ಕೊಳ್ಳಬಹುದು, ಒಂದೇ ಒಲೆಯಾಗಿ ಬೇಡ. ನಿರ್ಬಂಧ ಬಂದ ದಿನ ಅದು ಬರೀ ಸ್ಟೀಲ್ ಡಬ್ಬಿ. ಅಮೆರಿಕದಲ್ಲಿರುವ ಮಕ್ಕಳ ಜೊತೆ ಈ ಬೇಸಿಗೆಯಲ್ಲಿ ಹೊರಡುವವರು ಗಾಡಿಯ ಕೀಲಿ ಕೈಗೆ ಬಂದ ಕೂಡಲೇ ಕಾರ್ಬನ್ ಮೊನಾಕ್ಸೈಡ್ ಅಲಾರಮ್ಮಿನ ಪರೀಕ್ಷೆಯ ಗುಂಡಿ ಒತ್ತಿ ನೋಡಿ. ಹೋಗುವ ಅರಣ್ಯದ ಅಂದಿನ ಬೆಂಕಿ ನಿರ್ಬಂಧ ಏನೆಂದು ರೇಂಜರ್ ಕಚೇರಿಗೆ ಫೋನ್ ಮಾಡಿ ಕೇಳಿ. ಕ್ಯಾಲಿಫೋರ್ನಿಯಾದ ಕ್ಯಾಂಪ್‌ಫೈರ್ ಪರವಾನಗಿ ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತದೆ, ಪಡೆದ ವರ್ಷದ ಕೊನೆಯವರೆಗೆ ನಡೆಯುತ್ತದೆ.